ಬೇಸಿಗೆ ರಜೆಯ ಇಂಗ್ಲಿಷ್ ವ್ಯಾಕರಣ ಮತ್ತು ನಾವು ಹಾಕುವ ಸಹಿ

ವಾರದ ಒಂದೇ ಒಂದು ರಜೆಯನ್ನು ಇದಕ್ಕಾಗಿ ತೆಗೆದಿಟ್ಟು ಶಾರ್ಜಾ, ಅಬುಧಾಬಿ, ಅಜ್ಮಾನ್‌ಗಳಿಂದ ಬಸ್ಸು ಹಿಡಿದು ಬಂದಿರುವ ನನ್ನ ಕನ್ನಡ ಬಂಧುಗಳೇ,

ಭಾಷೆ ಮತ್ತು ದುಡಿಮೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಫೋನ್ ಮಾಡಿದಾಗ, "ಸ್ವಾಮಿ, ನಾನು ಲೆಕ್ಕ ನೋಡುವವನು, ಸಾಹಿತಿಯಲ್ಲ" ಎಂದೆ. "ಅದಕ್ಕೇ ಕರೆಯುತ್ತಿದ್ದೇವೆ" ಎಂದರು. ಆದ್ದರಿಂದ ಇವತ್ತು ಸಾಹಿತ್ಯದ ಮಾತು ಬೇಡ. ಒಂಬತ್ತನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ನಾನು ಕಲಿತ ಇಂಗ್ಲಿಷ್ ವ್ಯಾಕರಣದ ಬಗ್ಗೆ, ಆ ವ್ಯಾಕರಣ ಈ ದೇಶದಲ್ಲಿ ನಮ್ಮ ಸಂಬಳಕ್ಕೆ ಹೇಗೆ ಕಾವಲು ನಿಲ್ಲಬಲ್ಲದು ಎಂಬುದರ ಬಗ್ಗೆ ಮಾತಾಡುತ್ತೇನೆ. ವ್ಯಾಕರಣ ಅಂದ ಕೂಡಲೇ ಕೆಲವರು ಮೊಬೈಲ್ ಕೈಗೆತ್ತಿಕೊಂಡಿದ್ದು ಕಾಣಿಸಿತು. ಹತ್ತು ನಿಮಿಷ ತಾಳಿ, ದುಡ್ಡಿನ ವಿಷಯಕ್ಕೆ ಬಂದೇ ಬರುತ್ತೇನೆ.

ನನ್ನ ಊರು ತಿಪಟೂರು. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ನಮ್ಮ ತಂದೆ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಖಾತೆ ಪುಸ್ತಕವೆಲ್ಲ ಕನ್ನಡದಲ್ಲೇ. ನಾನು ಓದಿದ್ದೂ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ. ಆಗ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎ, ಬಿ, ಸಿ, ಡಿ ಶುರುವಾಗುತ್ತಿದ್ದುದೇ 5ನೇ ತರಗತಿಯಲ್ಲಿ. 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007–08ರಲ್ಲಿ, ನಾವೆಲ್ಲ ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಹಾಗಾಗಿ 1994ರ ಏಪ್ರಿಲ್‌ನಲ್ಲಿ, ಎಸ್‌ಎಸ್‌ಎಲ್‌ಸಿಗೆ ಒಂದು ವರ್ಷ ಇದೆ ಎನ್ನುವಾಗ, ನಮ್ಮ ಕ್ಲಾಸಿನ ಬಹುಪಾಲು ಹುಡುಗರಿಗೆ ಇಂಗ್ಲಿಷ್ ಎಂದರೆ ಬಾಯಿಪಾಠ ಮಾಡಿದ ಪ್ರಶ್ನೋತ್ತರ, ಬಾಯಿಪಾಠ ಮಾಡಿದ ರಜಾ ಅರ್ಜಿ, ಬಾಯಿಪಾಠ ಮಾಡಿದ ಹಸುವಿನ ಪ್ರಬಂಧ. ಪರೀಕ್ಷೆಯಲ್ಲಿ ಹಸುವಿನ ಬದಲು ಕುದುರೆ ಬಂದರೆ ಮುಗಿಯಿತು ಕಥೆ.

ಆ ರಜೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹೈಸ್ಕೂಲಿನ ಒಂದು ಕೋಣೆಯನ್ನು ಕೇಳಿ ಪಡೆದು ಬೇಸಿಗೆ ತರಗತಿ ನಡೆಸಿದರು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಬಿಸಿಲು ಏರುವ ಮೊದಲು ಮುಗಿಯಬೇಕು. ಇಪ್ಪತ್ತೆರಡು ಮಕ್ಕಳಿದ್ದೆವು. ತರಬೇಕಾದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ ಮಾತ್ರ. ಮೇಜಿನ ಮೇಲೆ ಅವರದೊಂದು ಹಳೆಯ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕ ಇರುತ್ತಿತ್ತು. ಭಾರತದಲ್ಲಿ 1930ರ ದಶಕದಿಂದ ಇಂಗ್ಲಿಷ್ ಕಲಿಯುವವರ ಕೈಯಲ್ಲಿ ಸವೆದ ಪುಸ್ತಕ ಅದು. ಆದರೆ ಮೊದಲ ವಾರ ಮೇಷ್ಟ್ರು ಅದನ್ನು ತೆರೆಯಲೇ ಇಲ್ಲ. ಒಂದು ವಾರ ಪೂರ್ತಿ ಬೋರ್ಡಿನ ಮೇಲೆ ಬರೆದದ್ದು ಕನ್ನಡ ವಾಕ್ಯಗಳು. ಕರ್ತೃ ಯಾವುದು, ಕರ್ಮ ಯಾವುದು, ಕ್ರಿಯಾಪದ ಯಾವುದು, ಕಾಲ ಯಾವುದು. "ಇಂಗ್ಲಿಷ್ ಕಲಿಸ್ತೀನಿ ಅಂತ ದುಡ್ಡು ತಗೊಂಡು ಕನ್ನಡ ಕಲಿಸ್ತಾರಲ್ಲ" ಎಂದು ಒಬ್ಬ ಹುಡುಗನ ತಂದೆ ಬಂದು ಕೇಳಿಯೇಬಿಟ್ಟರು. ಮೇಷ್ಟ್ರು ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ನೀವು ಹೊಲ ತಗೊಳ್ಳುವಾಗ ಮೊದಲು ನಿಮ್ಮ ಹೊಲದ ಬದು ನೋಡಿಕೊಳ್ಳಲ್ಲವೇ?" ಎಂದರು. ಆಮೇಲೆ ಅವರು ಬರಲಿಲ್ಲ, ಹುಡುಗ ಮಾತ್ರ ಕೊನೆಯವರೆಗೂ ಬಂದ.

ಎರಡನೇ ವಾರ ಬೋರ್ಡಿನ ಮೇಲೆ ಎರಡು ವಾಕ್ಯ ಬಂದವು. "ರವಿ ರಾಜುವನ್ನು ಕರೆದ." "ರಾಜುವನ್ನು ರವಿ ಕರೆದ." ಕರೆದವನು ಯಾರು? ಎರಡರಲ್ಲೂ ರವಿಯೇ. ಕನ್ನಡದಲ್ಲಿ ಪದವನ್ನು ಅತ್ತಿತ್ತ ಸರಿಸಿದರೂ ಅರ್ಥ ಕೆಡುವುದಿಲ್ಲ, ಏಕೆಂದರೆ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ರಾಜುವಿನ ಜೊತೆ ಅಂಟಿಕೊಂಡೇ ಹೋಗುತ್ತದೆ. ಈಗ ಇಂಗ್ಲಿಷ್: "ರವಿ ಕಾಲ್ಡ್ ರಾಜು." ಅದನ್ನು ತಿರುಗಿಸಿದರೆ "ರಾಜು ಕಾಲ್ಡ್ ರವಿ." ಕೆಲಸ ಮಾಡಿದವನೇ ಬದಲಾಗಿಬಿಟ್ಟ! ಇಂಗ್ಲಿಷಿನಲ್ಲಿ ಪದಕ್ಕೆ ಬಾಲವಿಲ್ಲ, ಅದು ಕೂತ ಜಾಗವೇ ಅದರ ವಿಭಕ್ತಿ. ಈ ಒಂದು ಮಾತು ತಿಳಿದ ದಿನ ನಮ್ಮಲ್ಲಿ ಅರ್ಧ ಜನಕ್ಕೆ ಇಂಗ್ಲಿಷಿನ ಭಯ ಇಳಿಯಿತು. ಕ್ರಿಯಾಪದ ಕನ್ನಡದಲ್ಲಿ ಕೊನೆಗೆ ಕೂರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಪಕ್ಕಕ್ಕೆ ಬಂದು ಕೂರುತ್ತದೆ. ಯಾಕೆ ಹೀಗೆ ಎಂದು ಜಗಳವಾಡುವಂತಿಲ್ಲ. ಅವರ ಮನೆಯಲ್ಲಿ ಅವರ ಪಂಕ್ತಿ.

ಹೀಗೆ ದಿನಕ್ಕೊಂದು ಹೋಲಿಕೆ. ನಾವು "ಬಂದೆ" ಎಂದರೆ ಸಾಕು, ‘ನಾನು’ ಎಂಬುದು ಆ ಪದದೊಳಗೇ ಇದೆ. ಇಂಗ್ಲಿಷಿಗೆ ಕರ್ತೃವಿಲ್ಲದೆ ನಡೆಯದು. ಎಷ್ಟರಮಟ್ಟಿಗೆ ಎಂದರೆ ಮಳೆ ಬಂದರೂ "ಇಟ್ ಈಸ್ ರೇನಿಂಗ್". ಆ ‘ಇಟ್’ ಯಾರು ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. "ಯಾರೂ ಅಲ್ಲ ಕಣಮ್ಮ, ಕುರ್ಚಿ ಖಾಲಿ ಬಿಡಬಾರದು ಅಂತ ಕೂರಿಸಿದಾರೆ" ಎಂದರು ಮೇಷ್ಟ್ರು. "ಇವನು ನನ್ನ ತಮ್ಮ" ಎಂಬಲ್ಲಿ ನಮಗೆ ಕ್ರಿಯಾಪದ ಬೇಡ, ಅವರಿಗೆ ‘ಈಸ್’ ಬೇಕು. "ನನಗೆ ಇಬ್ಬರು ಅಕ್ಕಂದಿರು" ಎಂಬಲ್ಲಿ ಅವರಿಗೆ ‘ಹ್ಯಾವ್’ ಬೇಕು. ‘ಎ’ ಮತ್ತು ‘ದಿ’ ಬಗ್ಗೆ ಅವರು ಹೇಳಿದ ಸೂತ್ರ ಹೀಗಿತ್ತು: ಕಥೆಯಲ್ಲಿ ಮೊದಲ ಸಲ ಬಂದವನು ‘ಒಬ್ಬ ರಾಜ’, ಎರಡನೇ ಸಲದಿಂದ ‘ಆ ರಾಜ’. ಎಲ್ಲ ಕಡೆಗೂ ಇದು ಒಪ್ಪುವುದಿಲ್ಲ, ಆದರೆ ಹದಿನಾಲ್ಕು ವರ್ಷದ ಮಕ್ಕಳಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಸಿಕ್ಕಿತು.

ಕಾಲಗಳ ಪಾಠಕ್ಕೆ ಮೇಷ್ಟ್ರು ಐದು ದಿನ ತೆಗೆದುಕೊಂಡರು. "ದಿನಾ ಹೋಗುತ್ತಾನೆ", "ನಾಳೆ ಹೋಗುತ್ತಾನೆ" — ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ಇಂಗ್ಲಿಷಿನಲ್ಲಿ ಒಂದು ‘ಗೋಸ್’, ಇನ್ನೊಂದು ‘ವಿಲ್ ಗೋ’. ಇಲ್ಲಿ ನಮಗೆ ಕಷ್ಟ. ಆದರೆ ಎಲ್ಲರೂ ಹೆದರುವ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಕನ್ನಡದವರಿಗೆ ಸುಲಭ. "ನಾನು ಊಟ ಮಾಡಿದ್ದೇನೆ." ‘ಮಾಡಿ’ ಮತ್ತು ‘ಇದ್ದೇನೆ’. ಕೆಲಸ ಮುಗಿದಿದೆ, ಅದರ ಫಲ ಈಗಲೂ ಇದೆ, ಹೊಟ್ಟೆ ತುಂಬಿದೆ. "ಐ ಹ್ಯಾವ್ ಈಟನ್" ಎಂದರೂ ಅದೇ. ನಮ್ಮ ‘ಇರು’ ಮಾಡುವ ಕೆಲಸವನ್ನೇ ಅಲ್ಲಿ ‘ಹ್ಯಾವ್’ ಮಾಡುತ್ತದೆ. ಈ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಇಷ್ಟು ಹೋಲಿಸಿದ ಮೇಲೆ ಮೂರನೇ ವಾರದಿಂದ ಅನುವಾದ ಬಂದ್. ದಿನಕ್ಕೆ ಐದು ವಾಕ್ಯ ನೇರವಾಗಿ ಇಂಗ್ಲಿಷಿನಲ್ಲೇ ಬರೆಯಬೇಕು. ವಿಷಯ ದೊಡ್ಡದಲ್ಲ. ನಿನ್ನೆ ಮನೆಗೆ ಯಾರು ಬಂದರು, ಏನು ತಂದರು, ಎಷ್ಟು ಕೊಟ್ಟರು. ಪ್ರತಿ ವಾಕ್ಯಕ್ಕೂ ಮೇಷ್ಟ್ರು ನಾಲ್ಕು ಪ್ರಶ್ನೆ ಕೇಳುತ್ತಿದ್ದರು: ಯಾರು? ಏನು ಮಾಡಿದರು? ಯಾರಿಗೆ? ಯಾವಾಗ? ಉತ್ತರ ವಾಕ್ಯದೊಳಗೇ ಇರಬೇಕು. ಇಲ್ಲದಿದ್ದರೆ ವಾಕ್ಯ ವಾಪಸ್. ಸ್ಪೆಲ್ಲಿಂಗ್ ತಪ್ಪಿದರೆ ಬೈಯುತ್ತಿರಲಿಲ್ಲ. ವಾಕ್ಯದಲ್ಲಿ ‘ಯಾರು’ ಇಲ್ಲದಿದ್ದರೆ ಬಿಡುತ್ತಿರಲಿಲ್ಲ.

ಪ್ಯಾಸಿವ್ ವಾಯ್ಸ್ ಬಂದಾಗ ಈ ‘ಯಾರು’ ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಿತು. "ರಾಜು ಬ್ರೋಕ್ ದಿ ಗ್ಲಾಸ್" ಎಂದರೆ ಗಾಜು ಒಡೆದವನು ರಾಜು. "ದಿ ಗ್ಲಾಸ್ ವಾಸ್ ಬ್ರೋಕನ್" ಎಂದರೆ ಗಾಜು ಒಡೆದಿದೆ, ರಾಜು ಪರಾರಿ. ವ್ಯಾಕರಣದ ಪ್ರಕಾರ ಎರಡೂ ಸರಿ. ನಮ್ಮ ಮಾತಿನ ಕನ್ನಡದಲ್ಲಿ ಕರ್ಮಣಿ ಪ್ರಯೋಗ ಅಪರೂಪ. "ರಾವಣನು ರಾಮನಿಂದ ಕೊಲ್ಲಲ್ಪಟ್ಟನು" ಎಂದು ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಆದರೆ ಸರ್ಕಾರಿ ಕಾಗದಗಳಲ್ಲಿ ನೋಡಿ: ‘ಸೂಚಿಸಲಾಗಿದೆ’, ‘ಪರಿಶೀಲಿಸಲಾಗುವುದು’, ‘ತಿರಸ್ಕರಿಸಲಾಗಿದೆ’. ಯಾರು ಸೂಚಿಸಿದರು, ಯಾರು ತಿರಸ್ಕರಿಸಿದರು? ಅಲ್ಲೂ ರಾಜು ಪರಾರಿ.

ಮೇ ತಿಂಗಳ ಮೊದಲ ವಾರ ತರಗತಿ ಮುಗಿಯಿತು. ಅಲ್ಲಿಂದ ಹೊರಬಂದ ಇಪ್ಪತ್ತೆರಡು ಮಂದಿ ಫಟಾಫಟ್ ಇಂಗ್ಲಿಷ್ ಮಾತಾಡಲಿಲ್ಲ. ಒಂದು ತಿಂಗಳಿಗೆ ಅದು ಆಗುವುದೂ ಇಲ್ಲ. ಆದರೆ ಗೊತ್ತಿಲ್ಲದ ಪದವಿದ್ದರೂ ಒಂದು ವಾಕ್ಯವನ್ನು ಬಿಚ್ಚಿ ನೋಡುವ ಧೈರ್ಯ ಬಂದಿತ್ತು. ಪದದ ಅರ್ಥ ಡಿಕ್ಷನರಿಯಲ್ಲಿ ಸಿಗುತ್ತದೆ. ವಾಕ್ಯದ ಅರ್ಥ ಯಾವ ಡಿಕ್ಷನರಿಯಲ್ಲೂ ಸಿಗುವುದಿಲ್ಲ, ಅದನ್ನು ನಾವೇ ಬಿಚ್ಚಬೇಕು.

ಮುಂದೆ ನಾನು ಪಿಯುಸಿ ಕಾಮರ್ಸ್ ಓದಿ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ ಸಿಎ ಆದೆ. ಸಿಎ ಪರೀಕ್ಷೆಯ ಉತ್ತರ ಬರೆಯಲು ಇರುವುದು ಎರಡೇ ಭಾಷೆ, ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಮಾಧ್ಯಮದಿಂದ ಬಂದವನಿಗೆ ಎರಡೂ ಪರಭಾಷೆಯೇ. ಅಲ್ಲಿ ನನಗೆ ಒದಗಿದ್ದು ಆ ನಾಲ್ಕು ಪ್ರಶ್ನೆಗಳು. ಆಡಿಟ್ ಎಂದರೆ ಅಂಕಿಗಳ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅಂಕಿಯನ್ನು ಕಂಪ್ಯೂಟರ್ ಕೂಡುತ್ತದೆ. ಆಡಿಟರ್ ಕೊನೆಗೆ ಸಹಿ ಹಾಕುವುದು ಒಂದು ವರದಿಗೆ, ವರದಿ ಎಂದರೆ ವಾಕ್ಯಗಳು. ಲೆಕ್ಕಪತ್ರಗಳು ಸರಿಯಾದ, ನ್ಯಾಯಯುತವಾದ ಚಿತ್ರ ಕೊಡುತ್ತವೆ ಎಂದು ಬರೆದು, ಅದಕ್ಕೆ ‘ಎಕ್ಸೆಪ್ಟ್ ಫಾರ್’ ಎಂಬ ಎರಡು ಪದ ಸೇರಿಸಿದರೆ ಇಡೀ ವರದಿಯ ಬಣ್ಣ ಬದಲಾಗುತ್ತದೆ. ಅಂಥ ವರದಿಗೆ ‘ಕ್ವಾಲಿಫೈಡ್ ಒಪೀನಿಯನ್’ ಎಂದು ಹೆಸರು. ಹೊರಗಿನವರಿಗೆ ‘ಕ್ವಾಲಿಫೈಡ್’ ಎಂದರೆ ಪಾಸಾದವನು, ಹೊಗಳಿಕೆ. ನಮ್ಮ ವೃತ್ತಿಯಲ್ಲಿ ಅದು ಎಚ್ಚರಿಕೆ. ವೋಚರ್ ನೋಡುವಾಗ "ಕ್ಯಾಶ್ ವಾಸ್ ಪೇಡ್" ಎಂದಷ್ಟೇ ಬರೆದಿದ್ದರೆ ನಾನು ಈಗಲೂ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತೇನೆ: ಯಾರು ಕೊಟ್ಟರು? ಯಾರಿಗೆ?

ಈಗ ದುಡ್ಡಿನ ವಿಷಯಕ್ಕೆ ಬರೋಣ.

ಇಲ್ಲಿ ಉದ್ಯೋಗದ ಕರಾರು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಇರುತ್ತದೆ. 2016ರಿಂದ ಕಾರ್ಮಿಕ ಸಚಿವಾಲಯ ಆಫರ್ ಲೆಟರನ್ನು ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ಏರ್ಪಾಡು ಮಾಡಿತು. ಆಗ ಪ್ರಕಟವಾದ ಪಟ್ಟಿಯಲ್ಲಿ ಹಿಂದಿ, ಉರ್ದು, ಬಂಗಾಳಿ, ತಮಿಳು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಇದರ ಬಗ್ಗೆ ನಾವು ಮನವಿ ಕೊಡಬಹುದು, ಕೊಡಬೇಕು ಕೂಡ. ಆದರೆ ಪಟ್ಟಿಗೆ ಕನ್ನಡ ಸೇರುವವರೆಗೆ ನಾವು ಸಹಿ ಹಾಕುವುದನ್ನು ನಿಲ್ಲಿಸುವುದಿಲ್ಲವಲ್ಲ. ಸಹಿ ಹಾಕುತ್ತಲೇ ಇದ್ದೇವೆ.

ಅಂಥ ಕಾಗದದಲ್ಲಿ ಎರಡು ವಾಕ್ಯ ನೋಡಿ. "ದಿ ಕಂಪನಿ ಶಲ್ ಪ್ರೊವೈಡ್ ಅಕಾಮಡೇಶನ್." "ದಿ ಕಂಪನಿ ಮೇ ಪ್ರೊವೈಡ್ ಅಕಾಮಡೇಶನ್." ಮೊದಲನೆಯದು ‘ಕೊಡತಕ್ಕದ್ದು’, ಎರಡನೆಯದು ‘ಕೊಡಬಹುದು’. ‘ಬಹುದು’ ಎಂದರೆ ಕೊಡದೆಯೂ ಇರಬಹುದು. ಕನ್ನಡದಲ್ಲಿ ಈ ವ್ಯತ್ಯಾಸ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಇಂಗ್ಲಿಷಿನಲ್ಲಿ ಬಂದ ಕೂಡಲೇ ನಮ್ಮ ಕಣ್ಣು ‘ಅಕಾಮಡೇಶನ್’ ಎಂಬ ದೊಡ್ಡ ಪದದ ಮೇಲೆ ನಿಂತು, ಪಕ್ಕದ ಸಣ್ಣ ‘ಮೇ’ಯನ್ನು ದಾಟಿಬಿಡುತ್ತದೆ.

ಇನ್ನೊಂದು ಸಣ್ಣ ಪದ ‘ಬೇಸಿಕ್’. ವ್ಯಾಕರಣದಲ್ಲಿ ಅದು ವಿಶೇಷಣ, ಇನ್ನೊಂದು ಪದವನ್ನು ಗುರುತಿಸುವುದಷ್ಟೇ ಕೆಲಸ. ಲೆಕ್ಕ ಮಾಡಿ ನೋಡಿ. ಇಲ್ಲಿನ ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ ಗ್ರಾಚ್ಯುಯಿಟಿ, ಆಮೇಲಿನ ವರ್ಷಗಳಿಗೆ ತಲಾ 30 ದಿನ. ಒಬ್ಬರ ಕೈಗೆ ಬರುವ ಒಟ್ಟು ಸಂಬಳ 2,000 ದಿರ್ಹಮ್, ಅದರಲ್ಲಿ ಬೇಸಿಕ್ 1,000, ಸೇವೆ ನಾಲ್ಕು ವರ್ಷ ಎಂದುಕೊಳ್ಳಿ. 84 ದಿನದ ಲೆಕ್ಕ. ಒಟ್ಟು ಸಂಬಳದ ಮೇಲಾದರೆ 5,600. ಬೇಸಿಕ್ ಮೇಲಾದರೆ 2,800. ಆ ಒಂದು ವಿಶೇಷಣದ ಬೆಲೆ 2,800 ದಿರ್ಹಮ್. ಬರುವಾಗ ಓದಿಕೊಂಡರೆ ಮಾತಾಡಲು ಅವಕಾಶವಿದೆ, ಹೋಗುವಾಗ ಓದಿಕೊಂಡರೆ ಬೇಸರ ಮಾತ್ರ.

ಒಂದು ಘಟನೆ ಹೇಳುತ್ತೇನೆ. ಕಂಪನಿಯ ಹೆಸರಾಗಲಿ, ಆ ಮನುಷ್ಯನ ಹೆಸರಾಗಲಿ ಬೇಡ. ನಮ್ಮ ಕಡೆಯವರೇ, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿದವರು, ಆರು ವರ್ಷ ಒಂದೇ ಕಡೆ ದುಡಿದವರು. ಊರಿಗೆ ಹೊರಡುವ ವಾರ ಅವರ ಕೈಗೆ ಒಂದು ಕಾಗದ ಕೊಟ್ಟು, ಸಹಿ ಹಾಕಿದರೆ ದುಡ್ಡು ಬರುತ್ತದೆ ಎಂದರಂತೆ. ಅವರು ಅದರ ಫೋಟೋ ತೆಗೆದು ನನಗೆ ಕಳಿಸಿ, "ಸಾರ್, ಏನೂ ತೊಂದರೆ ಇಲ್ಲ ಅಲ್ವಾ?" ಎಂದು ಕೇಳಿದರು. ಕಾಗದದಲ್ಲಿ ಇದ್ದದ್ದು ಒಂದೇ ಮುಖ್ಯ ವಾಕ್ಯ: "ಐ ಹ್ಯಾವ್ ರಿಸೀವ್ಡ್ ಆಲ್ ಮೈ ಡ್ಯೂಸ್."

ಆಗ ಹೇಳಿದ ವಾಕ್ಯ ನೆನಪಿದೆಯಲ್ಲ? ಊಟ ಮಾಡಿದ್ದೇನೆ, ಹೊಟ್ಟೆ ತುಂಬಿದೆ. ನಾನು ಅವರಿಗೆ ಕಾನೂನು ಹೇಳಲಿಲ್ಲ. ಫೋನಿನಲ್ಲಿ ಕೇಳಿದ್ದು ಇಷ್ಟೇ: "ಇದನ್ನ ಕನ್ನಡದಲ್ಲಿ ಹೇಳಿ ನೋಡೋಣ." ನಿಧಾನವಾಗಿ ಹೇಳಿದರು, "ನನಗೆ ಬರಬೇಕಾದ್ದೆಲ್ಲ... ಬರುತ್ತದೆ." "ಬರುತ್ತದೆಯೋ, ಬಂದಿದೆಯೋ? ‘ಹ್ಯಾವ್’ ಇದೆ ನೋಡಿ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಂದಿದೆ ಅಂತ ಬರೆದಿದ್ದಾರೆ ಸಾರ್. ಒಂದು ರೂಪಾಯೂ ಬಂದಿಲ್ಲ."

ಆ ರಾತ್ರಿ ಅವರೇ ಒಂದು ವಾಕ್ಯ ಬರೆದರು. ನಾನು ಬರೆದುಕೊಡಲಿಲ್ಲ, ಸ್ಪೆಲ್ಲಿಂಗ್ ಮಾತ್ರ ನೋಡಿದೆ. "ಐ ವಿಲ್ ಸೈನ್ ದಿಸ್ ಪೇಪರ್ ಆಫ್ಟರ್ ದಿ ಮನಿ ಕಮ್ಸ್ ಟು ಮೈ ಅಕೌಂಟ್." ಯಾರು, ಏನು, ಯಾವಾಗ, ಎಲ್ಲ ಇದೆ. ರೆನ್ ಮತ್ತು ಮಾರ್ಟಿನ್ ಕೂಡ ತಕರಾರು ಎತ್ತಲಾರರು. ಇಲ್ಲಿ ಕರಾರು ಮುಗಿದ 14 ದಿನದೊಳಗೆ ಬಾಕಿ ಪಾವತಿ ಮಾಡಬೇಕೆಂಬ ನಿಯಮವಿದೆ. ಹಣ ಖಾತೆಗೆ ಬಂದ ದಿನ ಅವರು ಅದೇ ಹಳೆಯ ಕಾಗದಕ್ಕೆ ಸಹಿ ಹಾಕಿದರು. ಅಷ್ಟು ಹೊತ್ತಿಗೆ ಅದರ ವಾಕ್ಯ ನಿಜವಾಗಿತ್ತು.

ಬಂಧುಗಳೇ, ಆ ಮನುಷ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆರು ವರ್ಷ ಸೈಟಿನಲ್ಲಿ ಹತ್ತು ದೇಶದವರ ಜೊತೆ ಅದರಲ್ಲೇ ಮಾತಾಡಿದ್ದರು. ಸೈಟಿನ ಇಂಗ್ಲಿಷಿಗೆ ಕಾಲವಿಲ್ಲ, "ಯು ಕಮ್, ಐ ಗಿವ್" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಕೈಸನ್ನೆಯೂ ಇರುತ್ತದೆ. ಕಾಗದಕ್ಕೆ ಕೈಸನ್ನೆ ಇಲ್ಲ. ಮಾತಿನ ಇಂಗ್ಲಿಷ್ ಬದುಕಿನಿಂದಲೇ ಬರುತ್ತದೆ, ವಾಕ್ಯದ ಇಂಗ್ಲಿಷನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕು. ಅದಕ್ಕೆ ಕನ್ನಡ ಅಡ್ಡಿಯಲ್ಲ. ‘ಬರುತ್ತದೆ’ ಮತ್ತು ‘ಬಂದಿದೆ’ ನಡುವಿನ ವ್ಯತ್ಯಾಸ ತಾಯಿಯಿಂದಲೇ ಕಲಿತು ಬಂದಿರುವವರು ನಾವು. ಅದನ್ನು ಇಂಗ್ಲಿಷ್ ಕಾಗದದವರೆಗೆ ತಂದು ನಿಲ್ಲಿಸಿದರೆ ಸಾಕು.

ಆದ್ದರಿಂದ ಈ ಸಮ್ಮೇಳನದ ಮುಂದೆ ನನ್ನದೊಂದು ಪ್ರಸ್ತಾವ. ಜುಲೈ, ಆಗಸ್ಟ್ ತಿಂಗಳಲ್ಲಿ ಶಾಲೆಗಳಿಗೆ ರಜೆ. ಸಂಸಾರಸ್ಥರು ಊರಿಗೆ ಹೋಗುತ್ತಾರೆ, ನಮ್ಮ ಸಂಘದ ಕಾರ್ಯಕ್ರಮಗಳು ನಿಲ್ಲುತ್ತವೆ. ಆದರೆ ದುಡಿಯುವ ಬಹುಪಾಲು ಮಂದಿ ಆ ಬಿಸಿಲಲ್ಲೂ ಇಲ್ಲೇ ಇರುತ್ತಾರೆ. ಆ ಎರಡು ತಿಂಗಳಲ್ಲಿ ಎಂಟು ವಾರದ ರಜೆಗಳಂದು, ಒಂದೊಂದು ದಿನ ಎರಡು ಗಂಟೆ, ದೊಡ್ಡವರಿಗಾಗಿ ಒಂದು ಬೇಸಿಗೆ ತರಗತಿ ನಡೆಸೋಣ. ಮೊದಲ ದಿನ ಪೂರ್ತಿ ಕನ್ನಡ ವಾಕ್ಯಗಳು. ಎರಡನೇ ದಿನ ಪದಗಳ ಜಾಗ. ಮೂರು, ನಾಲ್ಕನೇ ದಿನ ಕಾಲಗಳು. ಐದನೇ ದಿನ ‘ಶಲ್’ ಮತ್ತು ‘ಮೇ’. ಆರನೇ ದಿನ ಪ್ಯಾಸಿವ್ ವಾಯ್ಸ್, ಪರಾರಿಯಾದ ರಾಜುವನ್ನು ಹಿಡಿದು ತರುವ ಪಾಠ. ಕೊನೆಯ ಎರಡು ದಿನ ರಜಾ ಅರ್ಜಿ, ಸಂಬಳದ ಚೀಟಿ, ಆಫರ್ ಲೆಟರ್, ಕೊನೆಯ ಲೆಕ್ಕದ ಕಾಗದ. ಹೆಸರು ಅಳಿಸಿದ ನಿಜವಾದ ಕಾಗದಗಳನ್ನೇ ತರೋಣ. ಫೀಸು ಬೇಡ. ಇನ್ನೂರು ಪುಟದ ನೋಟ್‌ಬುಕ್ ನಾನು ಕೊಡಿಸುತ್ತೇನೆ, ನಾಲ್ಕು ತರಗತಿ ನಾನೇ ತೆಗೆದುಕೊಳ್ಳುತ್ತೇನೆ. ಉಳಿದ ನಾಲ್ಕಕ್ಕೆ ಈ ಸಭೆಯಲ್ಲಿರುವ ಅಧ್ಯಾಪಕಿಯರು ಕೈ ಎತ್ತಬೇಕು.

ಮೊನ್ನೆ ಒಬ್ಬ ಗೆಳೆಯರು, "ಈಗ ಫೋನ್ ಹಿಡಿದರೆ ಅದೇ ಅನುವಾದ ಮಾಡುತ್ತದೆ, ಇದೆಲ್ಲ ಯಾಕೆ?" ಎಂದರು. ಬಳಸಿ, ನಾನೂ ಬಳಸುತ್ತೇನೆ. ಆದರೆ ಅನುವಾದ ಬಂದ ಮೇಲೂ ಯಾರು, ಏನು, ಯಾರಿಗೆ, ಯಾವಾಗ ಎಂದು ಕೇಳುವವರು ನೀವೇ ಆಗಬೇಕು. ಸಹಿ ಫೋನಿನದಲ್ಲ, ನಿಮ್ಮದು.

ಮೇಷ್ಟ್ರ ಅಭ್ಯಾಸದಂತೆ ನಾನೂ ಮನೆಪಾಠ ಕೊಟ್ಟೇ ಮಾತು ಮುಗಿಸುತ್ತೇನೆ. ಇವತ್ತು ರಾತ್ರಿ ರೂಮಿಗೆ ಹೋದ ಮೇಲೆ ನಿಮ್ಮ ಕರಾರನ್ನು ಪೆಟ್ಟಿಗೆಯಿಂದ ತೆಗೆಯಿರಿ. ಅದರಲ್ಲಿ ಸಂಬಳದ ಬಗ್ಗೆ ಇರುವ ಒಂದೇ ಒಂದು ವಾಕ್ಯ ಹುಡುಕಿ. ಅದನ್ನು ಕನ್ನಡದಲ್ಲಿ ಪಕ್ಕದ ಮಂಚದವರಿಗೆ ಓದಿ ಹೇಳಿ. ಎಲ್ಲಿ ತಡವರಿಸಿತೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಮೊದಲ ತರಗತಿಗೆ ಬರುವಾಗ ಆ ಗುರುತು ಹಾಕಿದ ಕಾಗದವನ್ನು ಮರೆಯದೆ ತನ್ನಿ.